ಕುರ್ಚಿಗೆ ಕಟ್ಟಿದ ಶಾಲು

ಈಗ ಈ ಕೆಲಸಕ್ಕೆ ಸೇರುವ ಹುಡುಗರು ‘ಇವೆಂಟ್ ಮ್ಯಾನೇಜ್‌ಮೆಂಟಿನಲ್ಲಿದ್ದೇನೆ’ ಎನ್ನುತ್ತಾರೆ. ನಾನು ಸೇರಿದಾಗ ಇದಕ್ಕೆ ಪೆಂಡಾಲ್ ಕಟ್ಟುವುದು ಎಂದಷ್ಟೇ ಹೆಸರಿತ್ತು. ನನಗೆ ಹೆಣ್ಣು ನೋಡಲು ಹೋದಲ್ಲಿ, ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರೆ ನಮ್ಮಪ್ಪ "ಊರ ಮಂದಿ ಮದುವಿ ಎಲ್ಲಾ ಇವನ ಕೈಯಾಗಿಂದನ ಆಗ್ತಾವ್ರಿ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ತಂಬಾಕು ತಿಕ್ಕುತ್ತ ಕೂಡುತ್ತಿದ್ದ. ಹುಡುಗ ಯಾವನೋ ದೊಡ್ಡ ಕಾರಭಾರಿ ಇರಬೇಕೆಂದು ಅವರು ಒಪ್ಪಿದರು. ಮದುವೆಯ ದಿನ ಗಾಳಿಗೆ ಪೆಂಡಾಲಿನ ಗೂಟ ಕಿತ್ತು, ನಾನು ಬಾಸಿಂಗ ಕಟ್ಟಿಕೊಂಡೇ ಸುತ್ತಿಗೆ ಹಿಡಿದು ಓಡಿದಾಗ ನನ್ನ ಹೆಂಡತಿಗೆ ಖರೆ ಸಂಗತಿ ತಿಳಿಯಿತು. ಅಷ್ಟರಲ್ಲಿ ಅಕ್ಷತೆ ಬಿದ್ದಾಗಿತ್ತು.

ನನ್ನ ಹೆಸರು ಈರಪ್ಪ. ಜಮಖಂಡಿಯ ಬಾಬುರಾವ್ ಮಾಲಕರ ಮಂಡಪದ ಅಂಗಡಿಯಲ್ಲಿ ಕೂದಲು ಕಪ್ಪಿದ್ದಾಗ ಸೇರಿ, ಕೂದಲೇ ಇಲ್ಲದಾಗ ಬಿಟ್ಟೆ. ಅಷ್ಟರೊಳಗೆ ಬಿದಿರು ಹೋಗಿ ಕಬ್ಬಿಣದ ಪೈಪು ಬಂತು, ಹಗ್ಗ ಹೋಗಿ ಬೋಲ್ಟು ಬಂತು, ಪೆಟ್ರೋಮ್ಯಾಕ್ಸ್ ಹೋಗಿ ಗೋಡೆಯಂಥ ಎಲ್‌ಇಡಿ ಪರದೆ ಬಂತು. ಕುರ್ಚಿ ಮಾತ್ರ ಅದೇ ಕುರ್ಚಿ. ಹೊಸಬರು ಮೊದಲು ಈ ಮಾತು ತಿಳಿದುಕೊಳ್ಳಬೇಕು. ನಿಮ್ಮ ಧಣಿಗಳು ಅದಕ್ಕೆ ಏನೇ ಹೆಸರಿಡಲಿ, ಕೆಳಗೆ ಇರುವುದು ಕಾಲು ಅಲುಗಾಡುವ ಪ್ಲಾಸ್ಟಿಕ್ ಕುರ್ಚಿ.

ನಮ್ಮ ಕಡೆ ಕ್ರೀಡಾಂಗಣಗಳಲ್ಲಿ ದೊಡ್ಡ ಗಾಯಕರ ಸಂಗೀತ ಕಾರ್ಯಕ್ರಮಗಳು ಶುರುವಾದ ಮೇಲೆ ‘ಪ್ರೀಮಿಯಂ’ ಎಂಬ ಹೊಸ ಪದಾರ್ಥ ಬಂತು. ಅದನ್ನು ತಯಾರಿಸುವ ಬಗೆ ಹೇಳುತ್ತೇನೆ, ಬರೆದುಕೊಳ್ಳಿ. ಅದೇ ಕುರ್ಚಿಗೆ ಬಿಳಿ ಗವಸು ತೊಡಿಸಬೇಕು. ಬೆನ್ನಿಗೆ ಬಂಗಾರದ ಬಣ್ಣದ ಸ್ಯಾಟಿನ್ ಪಟ್ಟಿ ಸುತ್ತಿ ಹಿಂದೆ ದೊಡ್ಡದೊಂದು ಗಂಟು ಹಾಕಬೇಕು. ಕೆಳಗೆ ಕೆಂಪು ಜಮಖಾನೆ, ಸುತ್ತ ಒಂದು ಹಗ್ಗ. ಹಗ್ಗ ಬಹಳ ಮುಖ್ಯ. ಹಗ್ಗದ ಆಚೆ ಇದ್ದವರಿಗೆ ಒಳಗೆ ಏನೋ ಇದೆ ಅನ್ನಿಸಬೇಕು. ಒಳಗೆ ಇದ್ದವರಿಗೆ ಏನೂ ಇಲ್ಲ ಎಂದು ಗೊತ್ತಾಗುವ ಹೊತ್ತಿಗೆ ಹಾಡು ಶುರುವಾಗಿರುತ್ತದೆ.

ಇಂಥ ಕಾರ್ಯಕ್ರಮಗಳನ್ನು ಬೆಂಗಳೂರಿನ ಒಂದು ಕಂಪನಿ ನಡೆಸುತ್ತಿತ್ತು. ಅದರ ಪರವಾಗಿ ನಿಖಿಲ್ ಎಂಬ ಹುಡುಗ ಬರುತ್ತಿದ್ದ. ಕೆಟ್ಟವನಲ್ಲ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿಕೊಂಡು ಬರುತ್ತಿದ್ದ, ಅದೊಂದೇ ದೋಷ. ಮುಧೋಳದಲ್ಲಿ ಅವನ ಚಿತ್ರದ ಪ್ರಕಾರ ಪ್ರೀಮಿಯಂ ಜಾಗ ವೇದಿಕೆಯ ನೇರ ಎದುರಿಗೆ ಇತ್ತು. ನಾವೂ ಹಾಗೇ ಕಟ್ಟಿದೆವು. ಸಂಜೆ ಧ್ವನಿವರ್ಧಕದವರು ಬಂದು ಸರಿಯಾಗಿ ಅದರ ಮುಂದೆ ಸ್ಪೀಕರುಗಳ ಗೋಪುರ ಕಟ್ಟಿದರು, ಏಕೆಂದರೆ ಚಿತ್ರದಲ್ಲಿ ಸ್ಪೀಕರು ಬರೆಯುವುದು ಅವನಿಗೆ ಮರೆತಿತ್ತು. ಒಬ್ಬ ಹಿರಿಯರು ಹಾಡು ಮುಗಿಯುವತನಕ ಆ ಕಪ್ಪು ಗೋಪುರ ನೋಡುತ್ತ ಕುಳಿತಿದ್ದು, ಹೋಗುವಾಗ ನನ್ನನ್ನು ಕರೆದು, "ಹಾಡಿದಾವ್ರು ಗಂಡಸರೋ, ಹೆಣಮಕ್ಕಳೋ?" ಎಂದು ಕೇಳಿದರು. ಮನೆಯಲ್ಲಿ ಕೇಳಿದರೆ ಹೇಳಬೇಕಲ್ಲ ಅಂದರು.

ಬೀಳಗಿಯಲ್ಲಿ ಊಟದ ಪ್ರಸಂಗ. ಪ್ರೀಮಿಯಂ ಪಾಸಿನಲ್ಲಿ ‘ಅಂತರರಾಷ್ಟ್ರೀಯ ಭೋಜನ’ ಎಂದಿತ್ತು. ಹುಡುಗಿಯರು ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಹಲ್ಲುಕಡ್ಡಿಗೆ ಚುಚ್ಚಿದ ಒಂದೊಂದು ಪನೀರಿನ ತುಂಡು. ಒಬ್ಬ ಅಜ್ಜಿ ಅದನ್ನು ಬಾಯಿಗೆ ಹಾಕಿಕೊಂಡು, ಕಡ್ಡಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು, "ರುಚಿ ಛಲೋ ಐತಿ ತಂಗಿ, ಉಪ್ಪು ಸರಿ ಐತಿ. ಇನ್ನ ಪಂಕ್ತಿ ಕುಂದ್ರಸ್ರಿ" ಎಂದಳು. ಅವಳ ಲೆಕ್ಕದಲ್ಲಿ ಅದು ಅಡಿಗೆಯವರು ಹಿರಿಯರಿಗೆ ಕೊಡುವ ರುಚಿ. ಪಂಕ್ತಿ ಇಲ್ಲ ಎಂದು ಗೊತ್ತಾದ ಮೇಲೆ ಅವಳು ಚೀಲದಿಂದ ಗಂಟು ತೆಗೆದು ಬಿಚ್ಚಿದಳು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವಳನ್ನು ನೋಡಿ ಮತ್ತೆ ನಾಲ್ಕು ಗಂಟು ಬಿಚ್ಚಿಕೊಂಡವು. ಹೊರಗಿನ ತಿಂಡಿಗೆ ಪರವಾನಗಿ ಇಲ್ಲ ಎನ್ನಲು ಹೋದ ನಿಖಿಲ್ ತಾನೇ ಎರಡು ರೊಟ್ಟಿ ತಿಂದು ಬಂದ.

ಮಾಲಕರ ಬಗ್ಗೆಯೂ ಎರಡು ಮಾತು ಹೇಳಬೇಕು. ಬಾಬುರಾವ್ ಮಾಲಕರಿಗೆ ಸಿಟ್ಟು ಬಂದಾಗ ಮರಾಠಿ, ಪ್ರೀತಿ ಬಂದಾಗ ಕನ್ನಡ. ನಾನು ಅವರಲ್ಲಿದ್ದು ಮರಾಠಿ ಛಲೋ ಕಲಿತೆ. ಅವರ ಧರ್ಮಶಾಸ್ತ್ರ ಒಂದೇ ಸಾಲಿನದು: ಹೋದ ಸಾಮಾನು ಹೊಳ್ಳಿ ಬರಬೇಕು. ಅದಕ್ಕಾಗಿ ಅಂಗಡಿಯ ಪ್ರತಿ ವಸ್ತುವಿನ ಮೇಲೂ ತಮ್ಮ ಹೆಸರಿನ ಶಿಕ್ಕಾ ಒತ್ತಿಸುತ್ತಿದ್ದರು. ಕುರ್ಚಿ, ಗಾದಿ, ಸೌಟು, ಕಸಬರಿಗೆ, ಕುರ್ಚಿಯ ಬೆನ್ನಿಗೆ ಕಟ್ಟುವ ಸ್ಯಾಟಿನ್ ಪಟ್ಟಿಯ ಅಂಚು, ಯಾವುದನ್ನೂ ಬಿಟ್ಟಿರಲಿಲ್ಲ. ನಾನು ಒಂದು ಕಡೆ ಬಹಳ ಹೊತ್ತು ನಿಂತರೆ ನನಗೂ ಒತ್ತುತ್ತಾರೆ ಎಂದು ಹೆದರಿಕೆಯಾಗುತ್ತಿತ್ತು.

ಇನ್ನು ನಾನು ಹೇಳಬೇಕೆಂದು ಕುಳಿತ ಸಂಗತಿಗೆ ಬರುತ್ತೇನೆ. ಜಮಖಂಡಿಯ ಕ್ರೀಡಾಂಗಣದಲ್ಲಿ ಒಂದು ದೊಡ್ಡ ಕಾರ್ಯಕ್ರಮ ಗೊತ್ತಾಯಿತು. ಬೆಂಗಳೂರಿನಿಂದ ಬ್ಯಾನರು ಅಚ್ಚಾಗಿ ಬಂತು. ಕಂಪನಿಯವರು ಈ ಸಲ ಕನ್ನಡದಲ್ಲೇ ಬರೆಸಿದ್ದರು: ‘ಪ್ರೀಮಿಯಂ ಸತ್ಕಾರ ಪ್ಯಾಕೇಜ್, ಗಣ್ಯ ಅತಿಥಿಗಳಿಗೆ ಮಾತ್ರ.’

ಬೆಂಗಳೂರಿನ ಕಡೆ ಸತ್ಕಾರ ಎಂದರೆ ಬಂದವರಿಗೆ ಕೂಡಲು ಕುರ್ಚಿ, ಕುಡಿಯಲು ಪಾನಕ ಕೊಟ್ಟು ಉಪಚರಿಸುವುದಂತೆ. ನಮ್ಮಲ್ಲಿ ಸತ್ಕಾರ ಎಂದರೆ ಒಂದೇ. ನಾಲ್ಕು ಮಂದಿಯ ಎದುರಿಗೆ ನಿಲ್ಲಿಸಿ ಶಾಲು ಹೊದಿಸಿ, ಮಾಲೆ ಹಾಕಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು ಫೋಟೋ ಹೊಡೆಸುವುದು. ನಿವೃತ್ತಿಯಾದರೆ ಸತ್ಕಾರ, ಚುನಾವಣೆ ಗೆದ್ದರೆ ಸತ್ಕಾರ, ಸೋತರೆ ಸಮಾಧಾನಕ್ಕೆ ಸಣ್ಣದೊಂದು ಸತ್ಕಾರ. ಬ್ಯಾನರು ಕಟ್ಟುವಾಗ ನಾನೂ ಓದಿದೆ. ಪಾಸು ತೆಗೆದುಕೊಂಡವರಿಗೆಲ್ಲ ಶಾಲು ಹೊದಿಸುತ್ತಾರಲ್ಲ, ಕಂಪನಿಯವರಿಗೆ ಕೊನೆಗೂ ಬುದ್ಧಿ ಬಂತು ಎಂದು ಸಂತೋಷಪಟ್ಟೆ.

ಎರಡು ದಿನ ಬಿಟ್ಟು ರನ್ನ ಬೆಳಗಲಿಯ ಮಲ್ಲಪ್ಪ ಅಂಗಡಿಗೆ ಬಂದ. ಅವನ ಊರಿನ ಎಲ್ಲ ಸಮಾರಂಭಗಳಿಗೆ ನಾವೇ ಪೆಂಡಾಲ್ ಹಾಕುತ್ತಿದ್ದರಿಂದ ನನಗೆ ಹಳೆಯ ಗುರುತು. ಊರಲ್ಲಿ ಯಾವ ಸತ್ಕಾರವಿದ್ದರೂ ಶಾಲು, ಮಾಲೆ, ಕಾಯಿ ಇಟ್ಟ ಹರಿವಾಣ ಹಿಡಿದು ಪಕ್ಕದಲ್ಲಿ ನಿಲ್ಲುವವನು ಮಲ್ಲಪ್ಪ. ಕೈ ನಡುಗುವುದಿಲ್ಲ, ಎಷ್ಟು ಹೊತ್ತಾದರೂ ಬೇಸರಪಡುವುದಿಲ್ಲ ಎಂದು ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ಅವನ ಹೆಗಲ ಮೇಲೆ ಮಾತ್ರ ಯಾರೂ ಯಾವತ್ತೂ ಒಂದು ಶಾಲು ಹಾಕಿರಲಿಲ್ಲ.

"ಈರಪ್ಪಾ, ಬ್ಯಾನರ್ ಮ್ಯಾಲ ಸತ್ಕಾರ ಅಂತ ಬರದಾರಲ್ಲ, ಖರೇನ ಮಾಡ್ತಾರೇನು?" ಎಂದ.

"ಅಷ್ಟ ದೊಡ್ಡ ಅಕ್ಷರದಾಗ ಯಾರರ ಸುಳ್ಳ ಬರೀತಾರೇನೋ ಮಲ್ಲಪ್ಪಾ? ಐತಿ."

"ಪಾಸ್ ತೊಗೊಂಡ ಎಲ್ಲಾರಿಗೂ?"

"ಎಲ್ಲಾರಿಗೂ."

ಅವನು ಕುಳಿತು ನೀರು ಕೇಳಿ ಕುಡಿದ. ಆಮೇಲೆ ಮನಸ್ಸಿನ ಮಾತು ಹೇಳಿದ. ಅವನ ಮಗಳನ್ನು ಕೊಟ್ಟಿದ್ದು ಬನಹಟ್ಟಿಯ ಅರಿವೆ ವ್ಯಾಪಾರಿ ಶಂಕ್ರಪ್ಪನ ಮನೆಗೆ. ಬೀಗರಾದ ಶಂಕ್ರಪ್ಪನವರ ಪಡಸಾಲೆಯ ಗೋಡೆಯ ತುಂಬ ಅವರ ಸತ್ಕಾರದ ಫೋಟೋಗಳು. ಅದರಲ್ಲೊಂದು ರನ್ನ ಬೆಳಗಲಿಯಲ್ಲಿ ಹೊಡೆಸಿದ್ದು. ಆ ಫೋಟೋದ ಅಂಚಿನಲ್ಲಿ ಮಲ್ಲಪ್ಪನೂ ಇದ್ದಾನೆ. ಎರಡು ಕೈ ಮತ್ತು ಹರಿವಾಣ ಮಾತ್ರ. ಹಬ್ಬಕ್ಕೆ ಹೋದಾಗೆಲ್ಲ ಶಂಕ್ರಪ್ಪ ಬಂದವರಿಗೆ ಅದನ್ನು ತೋರಿಸಿ, "ಇವು ನಮ್ಮ ಬೀಗರ ಕೈ ನೋಡ್ರಿ. ಬೀಗರದು ಬರೇ ಕೈ ಬಂದಾವು, ಮಾರಿ ಬಂದಿಲ್ಲ" ಎಂದು ನಗುತ್ತಾರಂತೆ.

"ಮಗಳು ಅಲ್ಲೇ ಚಾ ಹಿಡಕೊಂಡ ನಿಂತಿರ್ತಾಳ ಈರಪ್ಪಾ. ಅಕಿನೂ ನಗಬೇಕಾಗ್ತೈತಿ. ಒಮ್ಮೆ, ಒಮ್ಮೆರ ಬೀಗರ ಎದುರಿಗೆ ನನ್ನ ಹೆಗಲ ಮ್ಯಾಲ ಶಾಲು ಬೀಳಬೇಕು ನೋಡು."

"ನಾ ಅದೇನಿ, ಬಾ" ಎಂದೆ. ಅವನು ಹೋಗಿ ತನಗೊಂದು ಪ್ರೀಮಿಯಂ ಪಾಸು ತೆಗೆದುಕೊಂಡ. ಬೀಗರಿಗೂ ಮಗಳು ಅಳಿಯನಿಗೂ ಗ್ಯಾಲರಿಯ ಟಿಕೀಟು ತೆಗೆಸಿ, ‘ನನ್ನ ಸತ್ಕಾರ ಐತಿ, ಬರಬೇಕು’ ಎಂದು ಮನೆಗೇ ಹೋಗಿ ಕುಂಕುಮ ಹಚ್ಚಿ ಕರೆದು ಬಂದ.

ಕಾರ್ಯಕ್ರಮದ ದಿನ ಮಧ್ಯಾಹ್ನ ಕುರ್ಚಿಗಳಿಗೆ ಪಟ್ಟಿ ಕಟ್ಟಿ ಮುಗಿಸಿ ನಿಖಿಲನನ್ನು ಕೇಳಿದೆ. "ಶಾಲು ಎಲ್ಲಿ ಇಟ್ಟೀರಿ ಸಾಹೇಬ್ರ? ಹರಿವಾಣ ನಮ್ಮ ಅಂಗಡ್ಯಾಗಿಂದ ತರಸಲೇನು?"

"ಯಾವ ಶಾಲು?" ಎಂದ.

"ಸತ್ಕಾರದ್ದು."

ಅವನು ನನ್ನ ಮುಖ ನೋಡಿದ. "ಈರಪ್ಪ ಅವರೇ, ಸತ್ಕಾರ ಅಂದ್ರೆ ಹಾಸ್ಪಿಟಾಲಿಟಿ. ತಣ್ಣಗೆ ಜ್ಯೂಸ್ ಕೊಡ್ತೀವಿ, ಸ್ನ್ಯಾಕ್ಸ್ ಕೊಡ್ತೀವಿ. ಅಷ್ಟೇ."

ನನ್ನ ಕೈಕಾಲು ತಣ್ಣಗಾದವು. ಜ್ಯೂಸ್ ಆಮೇಲೂ ತಣ್ಣಗಾಗಲಿಲ್ಲ, ಬರ್ಫದ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತ್ತು.

ಸಂಜೆ ಮಲ್ಲಪ್ಪ ಬಂದ. ತಲೆಗೆ ಕೇಸರಿ ಪಟಕಾ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಹೆಗಲು ಮಾತ್ರ ಬೇಕೆಂದೇ ಖಾಲಿ. ಅವನೊಬ್ಬನೇ ಅಲ್ಲ. ಪಾಸಿನವರಲ್ಲಿ ಅರ್ಧಕ್ಕರ್ಧ ಗಂಡಸರು ಪಟಕಾ ಸುತ್ತಿಕೊಂಡು ಬಂದಿದ್ದರು. ಒಬ್ಬರಂತೂ ಭಾಷಣಕ್ಕೆಂದು ಚೀಟಿಯನ್ನೂ ತಂದಿದ್ದರು. ಬಾಗಿಲಲ್ಲಿ ಹುಡುಗಿ ಮಲ್ಲಪ್ಪನ ಮಣಿಕಟ್ಟಿಗೆ ಕಾಗದದ ಪಟ್ಟಿ ಅಂಟಿಸಿದಳು. "ಇದೇನಬೇ, ದವಾಖಾನ್ಯಾಗ ಕಟ್ಟಿದಂಗ ಕಟ್ಟಿದಿ? ಅಡ್ಮಿಟ್ ಮಾಡ್ಕೊಳ್ಳೂದೂ ಐತೇನು?" ಎಂದು ನಗುತ್ತಲೇ ಒಳಗೆ ಬಂದ.

ಒಳಗೆ ನೋಡಿದರೆ ಮುಂದೆ ಕ್ಯಾಮೆರಾದವರ ಅಟ್ಟ. ವೇದಿಕೆ ಕಾಣಬೇಕಾದರೆ ಬಗ್ಗಿ ಕ್ಯಾಮೆರಾದವನ ಕಾಲುಗಳ ನಡುವೆ ನೋಡಬೇಕು. ಗ್ಯಾಲರಿಯ ಮಂದಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು, ನಾವು ಬಗ್ಗಿ ನೋಡುವುದೂ ಸೇರಿ. ಗಾಯಕ ಬಂದ, ಹಾಡಿದ. ಮಲ್ಲಪ್ಪ ಒಂದು ಹಾಡನ್ನೂ ಕೇಳಲಿಲ್ಲ. ಕತ್ತು ತಿರುಗಿಸಿ ಗ್ಯಾಲರಿಯನ್ನೇ ನೋಡುತ್ತಿದ್ದ. ಅವನ ಫೋನು ರಿಂಗಾಯಿತು. ಆ ಗದ್ದಲದಲ್ಲಿ ಕೇಳಲೆಂದು ಅವನು ಸ್ಪೀಕರು ಹಾಕಿದ, ಹೀಗಾಗಿ ಶಂಕ್ರಪ್ಪನವರ ಮಾತು ಪಕ್ಕದಲ್ಲೇ ನಿಂತ ನನಗೂ ಕೇಳಿಸಿತು.

"ಬೀಗರ, ಸತ್ಕಾರ ಯಾವಾಗ್ರಿ? ನಮಗ ನಿದ್ದಿ ಬರಾಕತ್ತೈತಿ. ಹರಿವಾಣ ಹಿಡಿಯಾವ್ರು ಸಿಗವಲ್ರೇನು? ನೀವ ಹಿಡಕೋರಿ ಮತ್ತ."

ಮಲ್ಲಪ್ಪ ಫೋನು ಕಿಸೆಗೆ ಹಾಕಿಕೊಂಡು ನನ್ನ ಕಡೆ ತಿರುಗಿದ. "ಈರಪ್ಪಾ, ನೀ ಐತಿ ಅಂದಿದ್ದಿ" ಎಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕುಂಕುಮ ಹಚ್ಚಿ ಕರೆದು ಬಂದವನು ಖಾಲಿ ಹೆಗಲಲ್ಲಿ ಹಿಂದಕ್ಕೆ ಹೋದರೆ ಇನ್ನು ಜೀವ ಇರುವತನಕ ಬೀಗರ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ.

ಅಷ್ಟರಲ್ಲಿ ದೇವರು ಕಣ್ಣು ತೆರೆದ. ಗಾಯಕ ಬಟ್ಟೆ ಬದಲಿಸಲು ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ. ಹೊಸ ಅಂಗಿಯ ಜಿಪ್ಪು ಸಿಕ್ಕಿಕೊಂಡಿದೆ ಎಂದು ಸುದ್ದಿ. ಮಂದಿ ಸೀಟಿ ಹೊಡೆಯಲು ಶುರು ಮಾಡಿದರು. ನಿಖಿಲ್ ಓಡಿ ಬಂದ. "ಈರಪ್ಪ ಅವರೇ, ಏನಾದ್ರೂ ಮಾಡಿ, ಸ್ವಲ್ಪ ಹೊತ್ತು ತಡೀರಿ."

"ಕ್ಯಾಮೆರಾ ಈ ಕಡೆ ತಿರಗಸ್ರಿ, ನನ್ನ ಕೈಯಾಗ ಮೈಕ್ ಕೊಡ್ರಿ" ಎಂದೆ.

ಮಾಲೆಗೆ ಚಿಂತೆ ಇರಲಿಲ್ಲ, ಬಾಗಿಲ ಕಮಾನಿನಿಂದ ಕಿತ್ತುಕೊಂಡೆ. ಜನರೇಟರಿಗೆ ಪೂಜೆ ಮಾಡಿಟ್ಟ ತೆಂಗಿನಕಾಯಿ ಇತ್ತು, ಅದನ್ನು ಒಡೆದಿರಲಿಲ್ಲ. ಹರಿವಾಣಕ್ಕೆ ಜ್ಯೂಸಿನ ಟ್ರೇ ಆಯಿತು. ಉಳಿದದ್ದು ಶಾಲು. ನನ್ನ ಮುಂದೆ ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯ ಬೆನ್ನಿಗೂ ಬಂಗಾರದ ಬಣ್ಣದ ಸ್ಯಾಟಿನ್. ಒಂದರ ಗಂಟು ಬಿಚ್ಚಿ ಜಾಡಿಸಿ ನಾಲ್ಕು ಮಡಿಕೆ ಮಾಡಿದೆ. ದೂರದಿಂದ ಅಪ್ಪಟ ಶಾಲು. ಹತ್ತಿರದಿಂದ ನೋಡಬೇಡಿ ಎಂದು ಮನಸ್ಸಿನಲ್ಲೇ ಎಲ್ಲರಿಗೂ ಕೈಮುಗಿದೆ.

ಮೈಕ್ ಹಿಡಿದು ಶುರು ಮಾಡಿದೆ. "ಎಲ್ಲಾ ಹಿರಿಯರಿಗೆ ಶರಣು. ಈಗ ಸತ್ಕಾರ ಸಮಾರಂಭ. ಇಷ್ಟ ದಿವಸ ಮಂದಿ ಸತ್ಕಾರಕ್ಕ ಹರಿವಾಣ ಹಿಡದು, ತಾವು ಮಾತ್ರ ಫೋಟೋದ ಹೊರಗ ನಿಂತಾವ್ರು, ರನ್ನ ಬೆಳಗಲಿ ಮಲ್ಲಪ್ಪನವರು ಮುಂದ ಬರಬೇಕು." ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಮಲ್ಲಪ್ಪನ ಮುಖ ಬಂತು. ಕ್ರೀಡಾಂಗಣ ಹೋ ಎಂದಿತು.

ಶಾಲು ಹೊದಿಸಲು ಒಬ್ಬ ಗಣ್ಯರು ಬೇಕಲ್ಲ. ನನ್ನ ನಾಲಿಗೆಗೆ ಆಗ ಚೇಷ್ಟೆ ಹುಟ್ಟಿತು. "ಬನಹಟ್ಟಿಯ ಪ್ರಸಿದ್ಧ ಅರಿವಿ ವ್ಯಾಪಾರಸ್ಥರು ಶಂಕ್ರಪ್ಪನವರು ಗ್ಯಾಲರಿಯಿಂದ ಇಳಿದು ಬರಬೇಕು" ಎಂದೆ. ಏತಕ್ಕೆ ಎಂದು ಮಾತ್ರ ಹೇಳಲಿಲ್ಲ.

ಶಂಕ್ರಪ್ಪ ಟೊಪ್ಪಿಗೆ ಸರಿಮಾಡಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, ಅತ್ತಿತ್ತ ಕೈಮುಗಿಯುತ್ತ ಬಂದರು. ಬಂದವರೇ ರೂಢಿಯಂತೆ ಕತ್ತು ಬಗ್ಗಿಸಿ ನಿಂತರು. ಇತ್ತ ಮಲ್ಲಪ್ಪನದೂ ಅದೇ ಅವಸ್ಥೆ. ಟ್ರೇ ಕಂಡ ಕೂಡಲೇ ನನ್ನ ಕೈಯಿಂದ ಕಸಿದುಕೊಂಡು, ಎದೆಯ ಮಟ್ಟಕ್ಕೆ ಹಿಡಿದು, ಪಕ್ಕಕ್ಕೆ ಸರಿದು ನಿಂತುಬಿಟ್ಟ. ಒಬ್ಬರು ಶಾಲಿಗೆ ಕತ್ತು ಬಗ್ಗಿಸಿದ್ದಾರೆ, ಇನ್ನೊಬ್ಬ ಹರಿವಾಣ ಹಿಡಿದಿದ್ದಾನೆ. ಶಂಕ್ರಪ್ಪನವರ ಗೋಡೆಯ ಫೋಟೋವೇ ಎದ್ದು ಬಂದು ಕಣ್ಣೆದುರಿಗೆ ನಿಂತಿತು.

"ಮಲ್ಲಪ್ಪಾ, ಬಿಡೋ ಮಾರಾಯಾ ಅದನ್ನ" ಎಂದು ಮೈಕಿನಲ್ಲೇ ಅಂದುಬಿಟ್ಟೆ. ಸಾವಿರ ಮಂದಿ ನಕ್ಕರು. ಅವನು ಬಿಡಲೊಲ್ಲ, ನಾನು ಎಳೆದೆ, ಕಾಯಿ ಉರುಳಿ ನಿಖಿಲನ ಕಾಲ ಮೇಲೆ ಬಿತ್ತು. ಕೊನೆಗೆ ಟ್ರೇಯನ್ನು ನಿಖಿಲನ ಕೈಗೇ ಕೊಟ್ಟು, ಸ್ಯಾಟಿನ್ ತೆಗೆದು ಶಂಕ್ರಪ್ಪನವರ ಕೈಯಲ್ಲಿಟ್ಟೆ. "ಬೀಗರು ಬೀಗರಿಗೆ ಶಾಲು ಹೊದಿಸಬೇಕಾಗಿ ವಿನಂತಿ."

ಶಂಕ್ರಪ್ಪನವರ ಕತ್ತು ಮೆಲ್ಲಗೆ ಮೇಲೆದ್ದಿತು. ಮಾಡುವುದೇನು, ಮಂದಿ ನೋಡುತ್ತಿದೆ. ಮಡಿಕೆ ಬಿಚ್ಚಲು ಹೋದರು. ಬಿಚ್ಚುತ್ತಿದ್ದ ಬೆರಳುಗಳು ಅಲ್ಲೇ ನಿಂತವು. ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ತಿಕ್ಕಿದರು. ನನಗೆ ಆಗ ನೆನಪಾಯಿತು: ಆ ಸ್ಯಾಟಿನ್ ಬಟ್ಟೆಯ ಇಡೀ ಸುರುಳಿಯನ್ನು ನಾನೇ ಬನಹಟ್ಟಿಗೆ ಹೋಗಿ, ಇವರ ಅಂಗಡಿಯಿಂದಲೇ, ಇವರ ಕೈಯಿಂದಲೇ ಅಳೆಸಿ ತಂದಿದ್ದೆ.

ಅವರು ನನ್ನನ್ನು ನೋಡಿದರು. ನಾನು ಮೈಕನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಒಂದು ಮಾತು ಅವರ ಬಾಯಿಂದ ಬಿದ್ದರೆ ಮಲ್ಲಪ್ಪನ ಸತ್ಕಾರ ಅಲ್ಲಿಗೆ ಮುಗಿಯಿತು, ಅದೂ ಪರದೆಯ ಮೇಲೆ. ಗ್ಯಾಲರಿಯಲ್ಲಿ ಮಲ್ಲಪ್ಪನ ಮಗಳು ಫೋನು ಎತ್ತಿ ಹಿಡಿದು ನಿಂತಿದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಶಂಕ್ರಪ್ಪ ಒಮ್ಮೆ ಆ ಕಡೆ ನೋಡಿದರು, ಒಮ್ಮೆ ಮಲ್ಲಪ್ಪನನ್ನು ನೋಡಿದರು. ಮಲ್ಲಪ್ಪ ಎರಡೂ ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ತೊಡೆಗೆ ಒರೆಸಿಕೊಳ್ಳುತ್ತಿದ್ದ.

ಶಂಕ್ರಪ್ಪ ಪಟ್ಟಿಯನ್ನು ಅಗಲಿಸಿ, ಒಂದು ಅಂಚನ್ನು ಒಳಗೆ ಮಡಚಿ, ಪದ್ಧತಿ ಪ್ರಕಾರ ಎರಡೂ ಹೆಗಲು ಮುಚ್ಚುವಂತೆ ಹೊದಿಸಿದರು. ಮಾಲೆ ಹಾಕಿದರು. ಮಲ್ಲಪ್ಪ ಅಳಲು ಶುರು ಮಾಡಿದ. "ಬೀಗರ, ಮಾರಿ ಮ್ಯಾಲ ಎತ್ತರಿ, ಫೋಟೋ ಹೊಡ್ಯಾಕತ್ತಾರ" ಎಂದು ಶಂಕ್ರಪ್ಪನವರೇ ಅವನ ಗದ್ದ ಹಿಡಿದು ಎತ್ತಿದರು.

ಆಮೇಲೆ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ, "ಲೇ ಈರಪ್ಪಾ, ಕುರ್ಚಿ ಅರಿವಿ ತಂದು ನನ್ನ ಕೈಲೇ ಹೊದಸ್ತೀಯಲ್ಲೋ" ಎಂದರು.

"ತಪ್ಪಾತ್ರಿ ಸಾವಕಾರ್ರ."

"ತಪ್ಪ ಏನ ಬಂತು. ನನ್ನ ಗ್ವಾಡಿ ಮ್ಯಾಲಿನ ಫೋಟೋದಾಗಿನ ಶಾಲೂ ಅರ್ಧ ಇಂಥಾವ. ನಾ ಯಾರಿಗೂ ಹೇಳಿಲ್ಲ, ನೀನೂ ಹೇಳಬ್ಯಾಡ."

ಅಲ್ಲಿಗೆ ಮುಗಿಯಲಿಲ್ಲ. ಉಳಿದ ಪಟಕಾದವರೂ ಎದ್ದು ಸಾಲು ಹಚ್ಚಿದರು. ಒಂದೊಂದೇ ಕುರ್ಚಿಯ ಬೆನ್ನು ಬಿಚ್ಚುತ್ತ ಹೋದೆ. ನಿಖಿಲ್ ಟ್ರೇ ಹಿಡಿದು ನಿಂತೇ ಇದ್ದ. ಗಾಯಕ ಜಿಪ್ಪು ಸರಿಮಾಡಿಕೊಂಡು ಬಂದಾಗ ನಮ್ಮ ಕಡೆಯವರು ಇನ್ನೂ ಇಬ್ಬರು ಉಳಿದಿದ್ದರು, ಭಾಷಣದ ಚೀಟಿಯವರೂ ಅದರಲ್ಲಿದ್ದರು. ಗಾಯಕ ಕಾಯಬೇಕಾಯಿತು. ವಾಪಸ್ ಹೋಗುವಾಗ ಜ್ಯೂಸ್ ಬಿಸಿ ಇತ್ತು, ವೇದಿಕೆ ಕಾಣಲಿಲ್ಲ ಎಂದು ಒಬ್ಬರೂ ತಕರಾರು ಮಾಡಲಿಲ್ಲ. ಕಂಪನಿಯವರಿಗೆ ಅದು ಏಕೆಂದು ಇವತ್ತಿಗೂ ತಿಳಿದಿಲ್ಲ.

ಪಟ್ಟಿಗಳನ್ನು ನಾನು ಬಾಗಿಲಲ್ಲೇ ನಿಂತು, "ಇಸ್ತ್ರಿ ಮಾಡಿಸಿ ಮನಿಗೆ ಕಳಸ್ತೇವ್ರಿ" ಎಂದು ನಯವಾಗಿ ಇಳಿಸಿಕೊಂಡೆ. ಮಲ್ಲಪ್ಪನ ಹೆಗಲಿಗೆ ಮಾತ್ರ ಕೈ ಹಾಕಲು ಮನಸ್ಸಾಗಲಿಲ್ಲ. ಮರುದಿನ ಮಾಲಕರು ಸಾಮಾನು ಎಣಿಸಿ, ಒಂದು ಪಟ್ಟಿ ಕಡಿಮೆ ಎಂದು ಒಂದು ತಾಸು ಮರಾಠಿ ಮಾತಾಡಿದರು. ಆಮೇಲೆ ಪ್ರತಿ ಸಲ ಪಟ್ಟಿಗಳ ಟ್ರಂಕು ತೆಗೆದಾಗಲೂ ಆ ಪಟ್ಟಿ ಎಲ್ಲಿ ಎಂದು ಕೇಳುವುದು ಅವರಿಗೆ ಒಂದು ಪೂಜೆಯಂತೆ ಆಯಿತು.

ಮೊಣಕಾಲು ಕೈಕೊಟ್ಟು ನಾನು ಕೆಲಸ ಬಿಟ್ಟ ದಿನ ಅಂಗಡಿಯಲ್ಲಿ ಚುರಮರಿ, ಮಿರ್ಚಿ ಭಜಿ, ಚಹಾ. ಜೀವನಪೂರ್ತಿ ಮಂದಿಯ ಸತ್ಕಾರಕ್ಕೆ ಪೆಂಡಾಲ್ ಕಟ್ಟಿದವನಿಗೆ ಒಂದು ಶಾಲು ಹೊದಿಸಬೇಕೆಂದು ಮಾಲಕರಿಗೆ ಹೊಳೆಯಲಿಲ್ಲ. ನನಗೆ ಬೇಸರವಾಯಿತು, ಸುಳ್ಳೇಕೆ ಹೇಳಲಿ. ಭಜಿ ತಿನ್ನುತ್ತಿರುವಾಗ ಬಾಗಿಲಲ್ಲಿ ಮಲ್ಲಪ್ಪ ನಿಂತಿದ್ದ. ಎದೆಯ ಮಟ್ಟಕ್ಕೆ ಹರಿವಾಣ. ಹರಿವಾಣದಲ್ಲಿ ತೆಂಗಿನಕಾಯಿ, ಮಾಲೆ, ಇಸ್ತ್ರಿ ಮಾಡಿದ ಬಂಗಾರದ ಬಣ್ಣದ ಸ್ಯಾಟಿನ್.

"ಸಾಮಾನು ಹೊಳ್ಳಿ ಕೊಡಾಕ ಬಂದೇನ್ರಿ ಮಾಲಕರ" ಎಂದ. ಆಮೇಲೆ ನನಗೆ, "ಮನ್ಯಾಗ ತೊಳಿಯಾಕ ಹಾಕಿದಾಗ ಅಂಚಿನ್ಯಾಗ ಶಿಕ್ಕಾ ಕಂಡತು. ಅವತ್ತ ಬೀಗರು ಆ ಅಂಚ ಒಳಗ ಮಡಚಿದ್ರು. ಫೋಟೋದಾಗ ಕಾಣೂದಿಲ್ಲ. ಈಗ ಅವರ ಗ್ವಾಡಿ ಮ್ಯಾಲ ಆ ಫೋಟೋನೂ ಐತಿ, ಅವರೇ ಹಾಕ್ಯಾರ" ಎಂದ.

ಹರಿವಾಣ ಹಿಡಿಯಲು ಮತ್ತೊಬ್ಬರು ಬೇಕಿತ್ತು. ಮಲ್ಲಪ್ಪ ಅದನ್ನು ಮಾಲಕರ ಕೈಗೆ ಕೊಟ್ಟ. ಮಾಲಕರು ಏನೂ ತೋಚದೆ ಹಿಡಿದುಕೊಂಡರು. ಅವನು ಪಟ್ಟಿ ಬಿಚ್ಚಿ, ಶಿಕ್ಕಾ ಇದ್ದ ಅಂಚನ್ನು ಒಳಗೆ ಮಡಚಿ, ನನ್ನ ಎರಡೂ ಹೆಗಲು ಮುಚ್ಚುವಂತೆ ಹೊದಿಸಿದ. ಹುಡುಗರು ಫೋಟೋ ಹೊಡೆದರು. ಅದರಲ್ಲಿ ನಾನಿದ್ದೇನೆ, ಮಲ್ಲಪ್ಪ ಇದ್ದಾನೆ, ಅಂಚಿನಲ್ಲಿ ಮಾಲಕರ ಎರಡು ಕೈ ಮತ್ತು ಹರಿವಾಣ ಇದೆ.

"ಸತ್ಕಾರ ಆತಲ್ಲ, ಇನ್ನ ಅದನ್ನ ಟ್ರಂಕಿನ್ಯಾಗ ಇಡು" ಎಂದರು ಮಾಲಕರು, ಪ್ರೀತಿಯಿಂದ, ಕನ್ನಡದಲ್ಲಿ. ನಾನು ಹೂಂ ಎಂದು ಟ್ರಂಕು ಇದ್ದ ಒಳಕೋಣೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಬರಿ ಹೆಗಲಲ್ಲಿ ಹೊರಗೆ ಬಂದೆ. ಕೈಯಲ್ಲಿದ್ದ ಊಟದ ಡಬ್ಬಿಯ ಚೀಲ ಮಾತ್ರ ಬೆಳಿಗ್ಗೆಗಿಂತ ಸ್ವಲ್ಪ ಉಬ್ಬಿತ್ತು. ಅಂಗಡಿಯಲ್ಲಿ ಈಗಲೂ ಒಂದು ಪಟ್ಟಿ ಕಡಿಮೆ ಬೀಳುತ್ತದಂತೆ.